ಡೊಳ್ಳಿನೂರಿನಿಂದ ಮೆಟಲ್ ಜಾತ್ರೆಗೆ

2011ರ ದೀಪಾವಳಿ ಅಮಾವಾಸ್ಯೆ ಬಂದದ್ದು ಅಕ್ಟೋಬರ್ 26ಕ್ಕೆ. ಮರುದಿನ ಮಂಗಳವೇಢೆ ಕಡೆಯ ನಮ್ಮ ಹುಲಜಂತಿಯಲ್ಲಿ ಪಲ್ಲಕ್ಕಿಗಳ ಭೇಟಿ. ಸುತ್ತಲಿನ ಊರುಗಳಿಂದ ಡೊಳ್ಳಿನ ಮೇಳಗಳ ಸಮೇತ ಬಂದ ದೇವರುಗಳು ಎದುರಾಗುವ ಗಳಿಗೆಯಲ್ಲಿ ಭಂಡಾರ ಹಾರುತ್ತದೆ, ಉಣ್ಣೆ ಹಾರುತ್ತದೆ, ಖಾರೀಕು ಖೊಬ್ರಿ ಹಾರುತ್ತವೆ. ಪಕ್ಕದಲ್ಲಿ ನಿಂತವನ ಮುಖ ಕಾಣುವುದಿಲ್ಲ. ನೂರಾರು ಡೊಳ್ಳುಗಳ ಪೆಟ್ಟು ಕಿವಿಗಿಂತ ಮೊದಲು ಎದೆಗೂಡಿಗೆ ಬಂದು ಬಡಿಯುತ್ತದೆ. ಅದಾಗಿ ಮೂರನೆಯ ದಿನಕ್ಕೆ, 30ರ ಭಾನುವಾರ, ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ಎಂಬ ಮೆಟಲ್ ತಂಡದ ಕಛೇರಿ. ನನ್ನ ಕೈಯಲ್ಲಿ ಅದರ ಟಿಕೆಟ್ ಇತ್ತು. ಕಿವಿಯ ಹಿಂದಿನ ಅರಿಷಿಣ ಇನ್ನೂ ಹೋಗಿರಲಿಲ್ಲ.

"ಊರ ಜಾತ್ರಿ ಮುಗದ ಮೂರ ದಿನಾ ಆಗಿಲ್ಲ, ಮತ್ತೊಂದ ಜಾತ್ರಿಗಿ ಹೊಂಟ್ಯಾ?" ಅಂದಳು ಅವ್ವ. ಬೈಗುಳದ ದನಿಯಲ್ಲಿ ಅಂದಿದ್ದಳು. ಆದರೆ ಆಮೇಲಿನ ಇಷ್ಟು ವರ್ಷಗಳಲ್ಲಿ ಇಂಥ ಹಬ್ಬಗಳಿಗೆ ಹೋಗಿ ಬಂದ ಮೇಲೆ ಅನಿಸುತ್ತದೆ, ಅವಳು ಆಡಿದ್ದೇ ನಿಜವಾದ ಮಾತು. ಮೆಟಲ್ ಹಬ್ಬವೂ ಜಾತ್ರೆಯೇ. ಜಾತ್ರೆಗೆ ಹೋಗುವುದನ್ನು ನಮ್ಮ ಕಡೆಯ ಮಕ್ಕಳಿಗೆ ಯಾರೂ ಕೂರಿಸಿ ಕಲಿಸುವುದಿಲ್ಲ. ಯಾರ ಜೊತೆ ಹೋಗಬೇಕು, ಬುತ್ತಿಗೆ ಏನು ಕಟ್ಟಬೇಕು, ಗದ್ದಲದಲ್ಲಿ ಕಾಲು ಹೇಗೆ ಊರಬೇಕು, ಕಳೆದುಹೋದರೆ ಎಲ್ಲಿ ಬಂದು ನಿಲ್ಲಬೇಕು ಎಂಬುದೆಲ್ಲ ಹೆಗಲ ಮೇಲೆ ಕೂತು ಜಾತ್ರೆ ನೋಡಿದ ದಿನದಿಂದಲೇ ಮೈಗೆ ಹತ್ತಿರುತ್ತದೆ. ಬೆಂಗಳೂರಿನ ಹೆಸರು ಕೇಳಿದ ಕೂಡಲೇ ಅದನ್ನೆಲ್ಲ ಮರೆತುಬಿಡುತ್ತೇವೆ, ತೊಂದರೆ ಅಲ್ಲಿಂದ ಶುರು. ಸೋಲಾಪುರ, ಅಕ್ಕಲಕೋಟೆ, ಮಂಗಳವೇಢೆ, ಇಂಡಿ, ಚಡಚಣದ ಕಡೆಯಿಂದ ಮೊದಲ ಸಲ ಇಂಥ ಹಬ್ಬಕ್ಕೆ ಹೊರಟವರಿಗಾಗಿ ನನಗೆ ಗೊತ್ತಿದ್ದದ್ದನ್ನು ಇಲ್ಲಿ ಬರೆದಿದ್ದೇನೆ.

ಏನಿದು ಎಕ್ಸ್‌ಟ್ರೀಮ್ ಮೆಟಲ್ ಎಂದು ಕೇಳುವ ಹಿರಿಯರಿಗೆ ಎರಡು ಮಾತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಊರು. ಅಲ್ಲಿ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಟೋನಿ ಅಯೋಮಿ ಎಂಬ ಹುಡುಗನ ಎರಡು ಬೆರಳ ತುದಿಗಳು ಯಂತ್ರಕ್ಕೆ ಸಿಕ್ಕು ಹೋದವು. ಬೆರಳಿಗೆ ಟೊಪ್ಪಿಗೆ ಮಾಡಿ ಹಾಕಿಕೊಂಡು, ತಂತಿಗಳನ್ನು ಸಡಿಲ ಮಾಡಿಕೊಂಡು ಅವನು ಗಿಟಾರ್ ಹಿಡಿದ. 1968ರಲ್ಲಿ ಅವನೂ ಗೆಳೆಯರೂ ಕಟ್ಟಿದ ತಂಡವೇ ಬ್ಲ್ಯಾಕ್ ಸಬ್ಬಾತ್. ಆ ಭಾರವಾದ ನಾದದಿಂದ ಹೆವಿ ಮೆಟಲ್ ಬೆಳೆಯಿತು. ಎಂಬತ್ತರ ದಶಕದಲ್ಲಿ ಅದು ಇನ್ನಷ್ಟು ವೇಗ, ಇನ್ನಷ್ಟು ಕತ್ತಲೆ ತುಂಬಿಕೊಂಡು ಥ್ರಾಶ್, ಡೆತ್, ಬ್ಲ್ಯಾಕ್, ಡೂಮ್, ಗ್ರೈಂಡ್‌ಕೋರ್ ಎಂದು ಕವಲೊಡೆಯಿತು. ಈ ಕವಲುಗಳಿಗೆಲ್ಲ ಸೇರಿಸಿ ಎಕ್ಸ್‌ಟ್ರೀಮ್ ಮೆಟಲ್ ಅನ್ನುತ್ತಾರೆ. ಎರಡು ಕಾಲಿನಿಂದಲೂ ತುಳಿಯುವ ಡಬಲ್ ಬಾಸ್ ಡ್ರಮ್, ಗಂಟಲ ತಳದಿಂದ ಎಬ್ಬಿಸುವ ಗುಡುಗಿನಂಥ ದನಿ ಇದರ ಗುರುತು. ಪವರ್‌ಲೂಮಿನ ಸದ್ದಿನೊಳಗೆ ಹುಟ್ಟಿ ಬೆಳೆದ ಸೋಲಾಪುರದ ಮಕ್ಕಳಿಗೆ ಇದು ಪರಕೀಯ ಅನಿಸದಿದ್ದರೆ ಆಶ್ಚರ್ಯವಿಲ್ಲ.

ನಮ್ಮ ಕಡೆಯವರಿಗೆ ಈ ಹಬ್ಬಗಳ ಊರು ಅಂದರೆ ಬೆಂಗಳೂರೇ. ಡೈಯಿಂಗ್ ಎಂಬ್ರೇಸ್ ತಂಡ ಅಲ್ಲಿ 1991ರಲ್ಲೇ ಡೆತ್ ಮತ್ತು ಡೂಮ್ ಬೆರೆಸಿ ನುಡಿಸಲು ಶುರುಮಾಡಿತ್ತು. 1998ರಲ್ಲಿ ಹುಟ್ಟಿದ ಕ್ರಿಪ್ಟೋಸ್ ಜರ್ಮನಿಯ ವಾಕೆನ್ ವೇದಿಕೆಯವರೆಗೂ ಹೋಗಿಬಂತು. 2007ರ ಮಾರ್ಚ್ 17ರಂದು ಐರನ್ ಮೇಡನ್ ಅರಮನೆ ಮೈದಾನದಲ್ಲಿ ನುಡಿಸಿದಾಗ ದೇಶದ ಮೂಲೆಮೂಲೆಯಿಂದ ಹುಡುಗರು ರೈಲು ಹತ್ತಿ ಬಂದಿದ್ದರು. 2012ರಲ್ಲಿ ಬೆಂಗಳೂರು ಓಪನ್ ಏರ್ ಶುರುವಾಯಿತು, ಆ ಮೊದಲ ವರ್ಷವೇ ಜರ್ಮನಿಯ ಕ್ರಿಯೇಟರ್ ಬಂದು ನುಡಿಸಿತು. ವಾಕೆನ್ ಹಬ್ಬದ ಬೆಂಬಲ ಅದಕ್ಕಿದೆ. ಡೆತ್ ಮತ್ತು ಬ್ಲ್ಯಾಕ್ ಮೆಟಲ್‌ಗೆ ಮೀಸಲಾದ ಟ್ರೆಂಡ್‌ಸ್ಲಾಟರ್ ಫೆಸ್ಟ್‌ನಂಥ ಸಣ್ಣ ಕೂಟಗಳೂ ಇದೇ ಊರಲ್ಲಿ ನಡೆದಿವೆ. ಹೊಸಬರಿಗೆ ಸಣ್ಣ ಕೂಟಗಳೇ ಹೆಚ್ಚು ಒಳ್ಳೆಯವು ಅನ್ನುವುದು ನನ್ನ ಅಭಿಪ್ರಾಯ. ಅಲ್ಲಿ ಮುನ್ನೂರು ನಾನೂರು ಜನ ಇರುತ್ತಾರೆ, ಸಂಜೆಯೊಳಗೆ ಹತ್ತು ಮುಖವಾದರೂ ಪರಿಚಯವಾಗುತ್ತವೆ.

ಟಿಕೆಟ್ ಮತ್ತು ದಾರಿ

ಮೊದಲು ಹಬ್ಬದ ಟಿಕೆಟ್, ಆಮೇಲೆ ರೈಲಿನ ಟಿಕೆಟ್. ಹಬ್ಬದ ಟಿಕೆಟನ್ನು ಆಯೋಜಕರು ತಾವೇ ಹೇಳಿದ ಜಾಗದಲ್ಲಿ ಮಾತ್ರ ಕೊಳ್ಳಿ. ಯಾರೋ ಗುರುತಿಲ್ಲದವರು ವಾಟ್ಸ್ಯಾಪಿನಲ್ಲಿ ಅರ್ಧ ಬೆಲೆಗೆ ಕೊಡುತ್ತೇನೆಂದರೆ ದುಡ್ಡು ಕಳಿಸಬೇಡಿ. ಒಂದೇ ಕ್ಯೂಆರ್ ಚಿತ್ರವನ್ನು ಐದು ಜನರಿಗೆ ಮಾರಿದರೂ ಗೇಟಿನಲ್ಲಿ ಮೊದಲು ಬಂದವನಿಗಷ್ಟೇ ಬಾಗಿಲು ತೆರೆಯುತ್ತದೆ. ಕೊಂಡ ಕೂಡಲೇ ಅದರಲ್ಲಿರುವ ಸಣ್ಣ ಅಕ್ಷರಗಳನ್ನು ಪೂರ್ತಿ ಓದಿ. ವಯಸ್ಸಿನ ಮಿತಿ ಎಷ್ಟು, ಒಮ್ಮೆ ಹೊರಗೆ ಬಂದರೆ ಮತ್ತೆ ಒಳಗೆ ಬಿಡುತ್ತಾರೋ ಇಲ್ಲವೋ, ಚೀಲ ಎಷ್ಟು ದೊಡ್ಡದಿರಬಹುದು, ಹಬ್ಬ ರದ್ದಾದರೆ ದುಡ್ಡು ಹೇಗೆ ವಾಪಸ್ ಬರುತ್ತದೆ ಎಂಬುದು ಅಲ್ಲಿರುತ್ತದೆ. ರದ್ದಾಗುವುದು ಬರೀ ಹೆದರಿಕೆಯ ಮಾತಲ್ಲ. 2011ರ ಅಕ್ಟೋಬರ್ 28ರಂದು ದಿಲ್ಲಿಯ ಹತ್ತಿರದ ಗುರುಗ್ರಾಮದಲ್ಲಿ ಮೆಟಾಲಿಕಾ ಕಛೇರಿ ನಡೆಯಬೇಕಿತ್ತು. ಜನ ತಡೆಬೇಲಿ ಮುರಿದು ನುಗ್ಗಿದ ಮೇಲೆ ಅದು ಆ ದಿನವೇ ನಿಂತುಹೋಯಿತು. ದೂರದ ಊರುಗಳಿಂದ ಬಂದವರು ಬರಿಗೈಯಲ್ಲಿ ತಿರುಗಿದರು. ಬೆಂಗಳೂರಿಗೆ ಹೊರಟಿದ್ದ ನನಗೂ ಎರಡು ದಿನ ಜೀವದಲ್ಲಿ ಜೀವ ಇರಲಿಲ್ಲ.

ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. 2024ರ ನವೆಂಬರಿಗೆ ಮುಂಚೆ ಅದು 120 ದಿನ ಇತ್ತು, ಹಳೆಯ ಲೆಕ್ಕ ಹಿಡಿದು ಕೂಡಬೇಡಿ. ತತ್ಕಾಲ್ ಬೇಕಾದರೆ ಹೊರಡುವ ಹಿಂದಿನ ದಿನ ಎಸಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರಿಗೆ 11ಕ್ಕೆ. ಆನ್‌ಲೈನಿನಲ್ಲಿ ತೆಗೆಯುವವರ ಖಾತೆಗೆ ಆಧಾರ್ ಜೋಡಣೆ ಆಗಿರಲೇಬೇಕು. ಸೋಲಾಪುರದಿಂದ ಉದ್ಯಾನ್ ಎಕ್ಸ್‌ಪ್ರೆಸ್ ಇದೆ. ಅಕ್ಕಲಕೋಟ ರೋಡ್, ಕಲಬುರಗಿ, ವಾಡಿ, ರಾಯಚೂರು, ಗುಂತಕಲ್ಲಿನ ಮೇಲೆ ಹೋಗುತ್ತದೆ. ಹಾಸನಕ್ಕೆ ಹೋಗುವ ಗಾಡಿ ಸೋಲಾಪುರದಿಂದಲೇ ಹೊರಡುವುದರಿಂದ ಅದರಲ್ಲಿ ಜಾಗ ಸಿಗುವ ಸಂಭವ ಹೆಚ್ಚು, ಅದು ಯಶವಂತಪುರದಲ್ಲಿ ಇಳಿಸುತ್ತದೆ. ಮಂಗಳವೇಢೆ, ಹುಲಜಂತಿಯ ಕಡೆಯವರಿಗೆ ಪಂಢರಪುರ ಹತ್ತಿರ. ಅಲ್ಲಿಂದ ವಿಜಯಪುರ, ಬಾಗಲಕೋಟೆ, ಹುಬ್ಬಳ್ಳಿಯ ಮೇಲೆ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಇದೆ. ಸುತ್ತು ದಾರಿ, ಆದರೆ ಮನೆಯಿಂದ ಸೋಲಾಪುರದವರೆಗಿನ ಬಸ್ಸಿನ ತಾಪತ್ರಯ ಇಲ್ಲ. ಗುಂತಕಲ್ಲಿನ ಕಡೆಯಿಂದ ಬರುವ ಗಾಡಿಗಳು ಯಲಹಂಕ ದಾಟಿಯೇ ನಗರದೊಳಗೆ ಬರುತ್ತವೆ. ಹಬ್ಬದ ಮೈದಾನ ಆ ದಿಕ್ಕಿಗೆ ಇದ್ದರೆ, ನಿಮ್ಮ ಗಾಡಿ ಅಲ್ಲಿ ನಿಲ್ಲುತ್ತದೋ ನೋಡಿಕೊಂಡು ಅಲ್ಲೇ ಇಳಿದುಬಿಡಿ. ಮೈದಾನ ವರ್ಷ ವರ್ಷ ಬದಲಾಗುತ್ತದೆ. ಆದ್ದರಿಂದ ಹೋದ ವರ್ಷ ಹೋಗಿಬಂದ ಗೆಳೆಯ ಹೇಳಿದ ವಿಳಾಸಕ್ಕಿಂತ ಈ ವರ್ಷದ ಟಿಕೆಟಿನ ಮೇಲಿರುವ ವಿಳಾಸವನ್ನು ನಂಬಿ.

ಇಲ್ಲಿ ನಾನು ಒತ್ತಿ ಹೇಳುವ ಒಂದು ಮಾತಿದೆ. ಹಬ್ಬದ ದಿನ ಬೆಳಿಗ್ಗೆ ಬಂದು ಅದೇ ರಾತ್ರಿ ತಿರುಗಿ ಹೋಗುವ ಲೆಕ್ಕ ಹಾಕಬೇಡಿ. ರೈಲು ನಾಲ್ಕು ತಾಸು ತಡವಾದರೆ ಅರ್ಧ ಹಬ್ಬ ಹೋಯಿತು. ಕೊನೆಯ ತಂಡ ನುಡಿಸುತ್ತಿರುವಾಗ ಗಡಿಯಾರ ನೋಡುತ್ತ ನಿಲ್ಲುವುದಾದರೆ ಅಷ್ಟು ದೂರ ಬಂದದ್ದಕ್ಕೆ ಅರ್ಥವೇ ಇಲ್ಲ. ಹಿಂದಿನ ದಿನ ಬನ್ನಿ, ಮರುದಿನ ಸಂಜೆಯ ಗಾಡಿಗೆ ಹೊರಡಿ. ದುಡ್ಡು ಕಡಿಮೆ ಇದ್ದರೆ ಒಂದು ವರ್ಷ ಬಿಟ್ಟು ಮುಂದಿನ ವರ್ಷಕ್ಕೆ ಕೂಡಿಟ್ಟುಕೊಂಡು ಬನ್ನಿ.

ಮಲಗುವ ಜಾಗ, ಉಣ್ಣುವ ಅನ್ನ

ಆ ಮೊದಲ ಪ್ರವಾಸದಲ್ಲಿ ನಾನು ತಪ್ಪಿದ್ದು ಇಲ್ಲಿ. ಒಂದು ಲಾಡ್ಜಿಗೆ ಫೋನ್ ಮಾಡಿ ಕೋಣೆ ಹೇಳಿದ್ದೆ, "ಬನ್ನಿ ಬನ್ನಿ" ಅಂದಿದ್ದರು. ಕಛೇರಿ ಮುಗಿದ ಮೇಲೆ ಆಟೋ ಸಿಗದೆ ನಡೆದುಕೊಂಡೇ ಮೆಜೆಸ್ಟಿಕ್ಕಿಗೆ ಬಂದು ನೋಡಿದರೆ ಕೋಣೆ ಬೇರೆಯವರಿಗೆ ಕೊಟ್ಟಾಗಿತ್ತು. ಆ ರಾತ್ರಿ ರೈಲು ನಿಲ್ದಾಣದ ಬೆಂಚಿನ ಮೇಲೆ ಸೋಲಾಪುರ ಚಾದರ್ ಹೊದ್ದು ಕೂತೆ. ಆ ಚಾದರ್ ಇಲ್ಲದಿದ್ದರೆ ಜ್ವರ ಬರುತ್ತಿತ್ತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ನಮ್ಮ ಸೋಲಾಪುರದ ಎತ್ತರದ ಎರಡರಷ್ಟು ಹತ್ತಿರ. ಬೆವರಿ ತೊಯ್ದ ಅಂಗಿಯಲ್ಲಿ ರಾತ್ರಿಯ ಗಾಳಿಗೆ ನಿಂತರೆ ಹಲ್ಲು ಕಡಿಯುವಷ್ಟು ಚಳಿ ಆಗುತ್ತದೆ. ಸಂಜೆಯ ಮಳೆಯನ್ನೂ ನಂಬುವಂತಿಲ್ಲ. ಕೊಡೆ ಒಳಗೆ ಬಿಡುವುದಿಲ್ಲ, ತೆಳ್ಳಗಿನ ರೇನ್‌ಕೋಟ್ ಮಡಚಿ ಜೇಬಿಗೆ ಹಾಕಿಕೊಳ್ಳಿ.

ಕೋಣೆಯನ್ನು ಮೈದಾನಕ್ಕೆ ನಡೆದು ಹೋಗುವಷ್ಟು ಹತ್ತಿರ ಹಿಡಿಯಿರಿ, ಇಲ್ಲವಾದರೆ ಮೆಟ್ರೋ ನಿಲ್ದಾಣದ ಹತ್ತಿರ ಹಿಡಿಯಿರಿ. ಎರಡೂ ಅಲ್ಲದ ಅಗ್ಗದ ಕೋಣೆ ಕೊನೆಗೆ ಆಟೋ ದುಡ್ಡಿನಲ್ಲಿ ದುಬಾರಿಯೇ ಆಗುತ್ತದೆ. ಸ್ವಲ್ಪವಾದರೂ ಮುಂಗಡ ಕೊಟ್ಟು ಬರಹದಲ್ಲಿ ಖಾತ್ರಿ ಪಡೆಯಿರಿ. ರಾತ್ರಿ ಎಷ್ಟು ಹೊತ್ತಿಗೆ ಬಾಗಿಲು ಹಾಕುತ್ತೀರಿ ಎಂದು ಮೊದಲೇ ಕೇಳಿ. ಗಾಂಧಿನಗರ, ಕಾಟನ್‌ಪೇಟೆಯ ಲಾಡ್ಜುಗಳು ರೈಲಿಗೆ ಹತ್ತಿರ. ಕೈಯಲ್ಲಿ ರೈಲಿನ ಟಿಕೆಟ್ ಇದ್ದವರಿಗೆ ನಿಲ್ದಾಣದ ವಿಶ್ರಾಂತಿ ಕೋಣೆಗಳನ್ನೂ ಆನ್‌ಲೈನಿನಲ್ಲಿ ಹಿಡಿಯಲು ಬರುತ್ತದೆ. ಇದು ಬಹಳ ಜನರಿಗೆ ಗೊತ್ತಿಲ್ಲ. ಎಲ್ಲರ ಅಸಲು ಆಧಾರ್ ಕಾರ್ಡ್ ಇರಲಿ.

ನಗರದಲ್ಲಿ ಓಡಾಟಕ್ಕೆ ಮೆಟ್ರೋ ಬಿಟ್ಟರೆ ಬೇರೆ ಮಾತಿಲ್ಲ. ನಾನು ಮೊದಲ ಸಲ ಹೋಗುವ ಹತ್ತು ದಿನ ಮುಂಚೆ, 2011ರ ಅಕ್ಟೋಬರ್ 20ಕ್ಕೆ, ಅದು ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿವರೆಗೆ ಮಾತ್ರ ಶುರುವಾಗಿತ್ತು. ಈಗ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ಗೆ, ಹಸಿರು ಮಾರ್ಗ ಮಾದಾವರದಿಂದ ರೇಷ್ಮೆ ಸಂಸ್ಥೆಗೆ ಹೋಗುತ್ತವೆ, ಎರಡೂ ಮೆಜೆಸ್ಟಿಕ್ಕಿನಲ್ಲಿ ಕೂಡುತ್ತವೆ. ಯಶವಂತಪುರದಲ್ಲಿ ಇಳಿದವರಿಗೆ ಹಸಿರು ಮಾರ್ಗ ಅಲ್ಲೇ ಸಿಗುತ್ತದೆ. ಮುಖ್ಯ ರೈಲು ನಿಲ್ದಾಣದಲ್ಲಿ ಇಳಿದವರಿಗೆ ನೇರಳೆ. ಆ ನಿಲ್ದಾಣಕ್ಕೆ ಸಂಗೊಳ್ಳಿ ರಾಯಣ್ಣನ ಹೆಸರಿದೆ. ಹಾಲುಮತದ ಮನೆಯಲ್ಲಿ ರಾಯಣ್ಣನ ಡೊಳ್ಳಿನ ಪದ ಕೇಳುತ್ತ ಬೆಳೆದ ನನಗೆ ಆ ಬೋರ್ಡು ಕಂಡಾಗಲೆಲ್ಲ ಯಾರೋ ನಮ್ಮವರು ಕರೆಯಲು ಬಂದು ನಿಂತ ಹಾಗೆ ಆಗುತ್ತದೆ.

ಮಾತಿಗೆ ನಾಚಬೇಡಿ. ನಮ್ಮ ಕನ್ನಡದಲ್ಲಿ ಮರಾಠಿ ಬೆರೆತಿದೆ, ರಾಗ ಬೇರೆ ಇದೆ, ಆದರೂ "ಅಣ್ಣಾ, ಈ ಮೈದಾನಕ್ಕ ಹೆಂಗ ಹೋಗಬೇಕ್ರಿ?" ಎಂದು ಕೇಳಿದರೆ ಅಲ್ಲಿನವರು ಗಾಡಿ ನಿಲ್ಲಿಸಿ ಹೇಳುತ್ತಾರೆ. ಹಿಂದಿಯಲ್ಲಿ ಕೇಳಿ ಕಷ್ಟಪಡುವ ನಮ್ಮ ಹುಡುಗರನ್ನು ನೋಡಿದ್ದೇನೆ. ಯಾಕೆ ಬೇಕು? ಅದು ಕನ್ನಡದ ಊರು.

ಊಟದ ಮಾತು ಸಣ್ಣದು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ಗಡ್ಡಿ ಉಳ್ಳಾಗಡ್ಡಿ ರೈಲಿನ ಎರಡೂ ರಾತ್ರಿಗೆ ಸಾಕು, ಕೆಡುವುದಿಲ್ಲ. ಮೈದಾನದೊಳಗೆ ಮಾತ್ರ ಬುತ್ತಿ ಬಿಡುವುದಿಲ್ಲ. ನನ್ನ ಸ್ಟೀಲಿನ ಡಬ್ಬಿಯನ್ನು ಗೇಟಿನಲ್ಲೇ ತಡೆದರು, ಹೊರಗಿನ ಚಹಾ ಅಂಗಡಿಯ ಕಾಕಾ ಇಟ್ಟುಕೊಂಡು ರಾತ್ರಿ ತಿರುಗಿ ಕೊಟ್ಟರು. ಒಳಗೆ ಹೋಗುವ ಮುಂಚೆ ಹೊಟ್ಟೆ ತುಂಬ ಉಣ್ಣಿ. ಒಳಗೆ ಹೋದ ಮೇಲೆ ಬಾಯಾರಲಿ ಬಿಡಲಿ, ಎರಡು ತಂಡಗಳಿಗೊಮ್ಮೆ ನೀರು ಕುಡಿಯಿರಿ. ಬಿಸಿಲಿನಲ್ಲಿ ಖಾಲಿ ಹೊಟ್ಟೆಗೆ ಬಿಯರ್ ಕುಡಿದವರೇ ತಲೆ ತಿರುಗಿ ಬೀಳುವುದು.

ಕಿವಿಯನ್ನು ಕಾಯುವುದು

ಇದನ್ನು ಎಲ್ಲಕ್ಕಿಂತ ಗಮನವಿಟ್ಟು ಓದಿ ಎಂದು ಕೇಳಿಕೊಳ್ಳುತ್ತೇನೆ. ನನ್ನ ಸೋದರಮಾವ ನಲವತ್ತು ವರ್ಷ ಡೊಳ್ಳು ಬಾರಿಸಿದವನು. ವಾಲಗಕ್ಕೆ ಕೂತರೆ ರಾತ್ರಿ ಬೆಳಗಾಗುವ ತನಕ ಪದದ ಮೇಲೆ ಪದ, ಸವಾಲಿನ ಮೇಲೆ ಸವಾಲು. ಈಗ ಅವನ ಪಕ್ಕದಲ್ಲಿ ಕೂತು ಮಾತಾಡಿಸಿದರೆ ಅವನು ನನ್ನ ತುಟಿ ನೋಡುತ್ತಾನೆ. ಮೊಮ್ಮಗಳು "ಅಜ್ಜಾ" ಎಂದು ಬೆನ್ನ ಹಿಂದಿನಿಂದ ಕರೆದರೆ ತಿರುಗುವುದಿಲ್ಲ. ಪವರ್‌ಲೂಮಿನಲ್ಲಿ ದುಡಿದವರ ಮನೆಗಳಲ್ಲೂ ಇದೇ ಸ್ಥಿತಿ ಇದೆ, ಟಿವಿಯ ಸದ್ದು ಓಣಿಗೆಲ್ಲ ಕೇಳುತ್ತದೆ. ಹೋದ ಕಿವಿ ಮರಳಿ ಬರುವುದಿಲ್ಲ. ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ಕೂದಲಿನಂಥ ಜೀವಕೋಶಗಳಿವೆ. ಸತ್ತ ಮೇಲೆ ಅವು ಮತ್ತೆ ಹುಟ್ಟುವುದಿಲ್ಲ.

ಲೆಕ್ಕ ಹೀಗಿದೆ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ತಾಸು ಇರಬಹುದು. ಪ್ರತಿ 3 ಡೆಸಿಬಲ್ ಏರಿದಂತೆ ಆ ಹೊತ್ತು ಅರ್ಧ ಆಗುತ್ತ ಹೋಗುತ್ತದೆ. 100 ಡೆಸಿಬಲ್ಲಿಗೆ ಬಂದರೆ ಉಳಿಯುವುದು 15 ನಿಮಿಷ. ಕಛೇರಿ, ಕ್ಲಬ್ಬುಗಳ ಸದ್ದು 15 ನಿಮಿಷದ ಸರಾಸರಿಯಲ್ಲಿ 100 ಡೆಸಿಬಲ್ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಆ ಮಿತಿಯೊಳಗೇ ನುಡಿಸಿದರೂ ಏಳೆಂಟು ತಾಸಿನ ಹಬ್ಬಕ್ಕೆ ಬರಿಗಿವಿ ತಾಳುವುದಿಲ್ಲ ಎಂದಾಯಿತು.

ಮೆಡಿಕಲ್ ಅಂಗಡಿಯಲ್ಲಿ ಸಿಗುವ ಮೆತ್ತನೆಯ ಫೋಮ್ ಇಯರ್‌ಪ್ಲಗ್ ಸಾಕು, ಒಂದು ಚಹಾ ನಾಷ್ಟಾದ ದುಡ್ಡು. ಆದರೆ ಹಾಕುವ ರೀತಿ ಗೊತ್ತಿರಬೇಕು. ಕೈ ತೊಳೆದುಕೊಂಡು ಪ್ಲಗ್ಗನ್ನು ಎರಡು ಬೆರಳ ನಡುವೆ ಹೊಸೆಯಿರಿ, ದೀಪದ ಬತ್ತಿ ಹೊಸೆದ ಹಾಗೆ ಸಣ್ಣಗೆ ಆಗಬೇಕು. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಆಗ ಒಳದಾರಿ ನೆಟ್ಟಗಾಗುತ್ತದೆ. ಹೊಸೆದ ತುದಿಯನ್ನು ಒಳಗೆ ತಳ್ಳಿ, ಅದು ಉಬ್ಬಿ ಕೂರುವ ತನಕ ಅರ್ಧ ನಿಮಿಷ ಬೆರಳಿನಿಂದ ಹಿಡಿದುಕೊಳ್ಳಿ. ಸರಿಯಾಗಿ ಕೂತರೆ 20 ಡೆಸಿಬಲ್ ಆಸುಪಾಸು ಸದ್ದು ತಗ್ಗುತ್ತದೆ, ಹಾಡು ಮಾತ್ರ ಇನ್ನೂ ಚೆನ್ನಾಗಿ ಬಿಡಿಸಿ ಕೇಳುತ್ತದೆ. ಹತ್ತಿ ತುರುಕಿಕೊಂಡರೆ ಹೆಚ್ಚೇನೂ ಪ್ರಯೋಜನವಿಲ್ಲ. ಸ್ಪೀಕರ್ ಗೋಡೆಗಳ ಮುಂದೆ ನಿಲ್ಲಬೇಡಿ, ಸದ್ದು ಸರಿಪಡಿಸುವವರು ಕೂರುವ ಮಿಕ್ಸರ್ ಕಟ್ಟೆಯ ಹತ್ತಿರ ನಿಲ್ಲಿ. ಇಡೀ ಮೈದಾನದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕೇಳುವ ಜಾಗ ಅದೇ. ಮರುದಿನವೂ ಕಿವಿಯೊಳಗೆ ಜೀರುಂಡೆ ಕೂಗಿದಂತಿದ್ದು, ಎರಡು ದಿನವಾದರೂ ನಿಲ್ಲದಿದ್ದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ. ಮಾವನಿಗೆ ಇದನ್ನೆಲ್ಲ ಹೇಳುವವರು ಯಾರೂ ಇರಲಿಲ್ಲ. ಈಗ ನಮ್ಮೂರ ಮೇಳದ ಹುಡುಗರಿಗೂ ನಾನು ಪ್ಲಗ್ ತಂದು ಕೊಡುತ್ತೇನೆ.

ಗದ್ದಲದ ಒಳಗೆ

ವೇದಿಕೆಯ ಮುಂದೆ ಜನ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತ, ಸುತ್ತು ಹಾಕುತ್ತ ಕುಣಿಯುವುದಕ್ಕೆ ಮಾಶ್ ಪಿಟ್ ಅನ್ನುತ್ತಾರೆ. ಹೊರಗಿನಿಂದ ನೋಡಿದರೆ ಹೊಡೆದಾಟ ಅನಿಸುತ್ತದೆ. ನಾನು ಮೊದಲ ಸಲ ಒಳಗೆ ಹೋದವನು ಎರಡೇ ನಿಮಿಷದಲ್ಲಿ ಬಿದ್ದೆ. ಕಣ್ಣೆದುರು ಬರೀ ಬೂಟುಗಳು. ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ನಾಲ್ಕು ಕೈಗಳು ಕಂಕುಳಿಗೆ ಬಂದು ನನ್ನನ್ನು ಎತ್ತಿ ನಿಲ್ಲಿಸಿದವು. ಒಬ್ಬ ನನ್ನ ಕನ್ನಡಕವನ್ನು ತಲೆಯ ಮೇಲೆ ಎತ್ತಿ ಹಿಡಿದು "ಯಾರದು, ಯಾರದು" ಎಂದು ಕೂಗುತ್ತಿದ್ದ. ಪಲ್ಲಕ್ಕಿ ಭೇಟಿಯ ನೂಕಿನಲ್ಲಿ ಮುದುಕಿಯೊಬ್ಬಳು ಜೋಲಿ ತಪ್ಪಿದರೆ ಸುತ್ತಲಿನವರು ಹೇಗೆ ತೋಳು ಚಾಚಿ ಬಯಲು ಮಾಡುತ್ತಾರೋ, ಹಾಗೆಯೇ. ಬಿದ್ದವನನ್ನು ಎತ್ತಬೇಕು ಎಂಬುದು ಅಲ್ಲಿನ ಮೊದಲ ಕಟ್ಟಳೆ, ಅದನ್ನು ಮೀರಿದವನನ್ನು ಉಳಿದವರೇ ಹೊರಗೆ ಹಾಕುತ್ತಾರೆ.

ಒಳಗೆ ಹೋಗುವುದಾದರೆ ಚಪ್ಪಲಿ ಬೇಡ, ಬಿಗಿಯಾದ ಲೇಸಿನ ಬೂಟು ಹಾಕಿ. ಉಂಗುರ, ಕಡಗ, ಕೊರಳಿನ ಸರ ತೆಗೆದಿಡಿ. ಫೋನು ಜಿಪ್ ಇರುವ ಜೇಬಿನಲ್ಲಿರಲಿ. ಒಳಗೆ ಹೋಗಲೇಬೇಕೆಂದು ಯಾರ ಒತ್ತಾಯವೂ ಇಲ್ಲ, ಅಂಚಿನಲ್ಲಿ ನಿಂತು ತಲೆದೂಗುವವರೇ ಹೆಚ್ಚು. ಹೆಣ್ಣುಮಕ್ಕಳು ಈಗ ಒಳ್ಳೆಯ ಸಂಖ್ಯೆಯಲ್ಲಿ ಬರುತ್ತಾರೆ. ಯಾರಾದರೂ ಮೈಮೇಲೆ ಕೈ ಹಾಕಿದರೆ ಅದು ಪಿಟ್‌ನ ಆಟ ಅಲ್ಲ, ಸುಮ್ಮನಿರಬೇಡಿ. ಪಕ್ಕದವರಿಗೆ, ಕಾವಲಿನವರಿಗೆ ಹೇಳಿ, 112ಕ್ಕೆ ಕರೆ ಮಾಡಿ.

ನಿಜವಾದ ಅಪಾಯ ಇರುವುದು ಕುಣಿತದಲ್ಲಿ ಅಲ್ಲ, ಒತ್ತಡದಲ್ಲಿ. 2000ದ ಜೂನ್ 30ರಂದು ಡೆನ್ಮಾರ್ಕಿನ ರೋಸ್ಕಿಲ್ಡ ಹಬ್ಬದಲ್ಲಿ ವೇದಿಕೆಯ ಮುಂದೆ ಒತ್ತಿ ಬಂದ ಜನರ ಕೆಳಗೆ ಒಂಬತ್ತು ಹುಡುಗರು ಸತ್ತರು. ಬೆಂಗಳೂರಿನಲ್ಲೇ 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹೊರಗಿನ ನೂಕುನುಗ್ಗಲಿನಲ್ಲಿ ಹನ್ನೊಂದು ಜನ ಜೀವ ಕಳೆದುಕೊಂಡರು. ಸಂಗೀತವೇ ಇರಲಿ, ಕ್ರಿಕೆಟ್ಟೇ ಇರಲಿ, ಜಾತ್ರೆಯೇ ಇರಲಿ, ಜನ ಒತ್ತಿದಾಗ ಜೀವ ಹೋಗುವುದು ತುಳಿತಕ್ಕಿಂತ ಹೆಚ್ಚಾಗಿ ಎದೆ ಉಬ್ಬಿಸಲು ಜಾಗವಿಲ್ಲದೆ. ಆದ್ದರಿಂದ ಗೇಟು ತೆರೆಯುವ ಹೊತ್ತಿನ ನುಗ್ಗಾಟಕ್ಕೆ ಸೇರಬೇಡಿ. ಮುಂದಿನವರ ಬೆನ್ನು ಸತತವಾಗಿ ನಿಮ್ಮ ಎದೆಗೆ ತಾಗುತ್ತಿದೆ, ಕೈ ಎತ್ತಿ ಮುಖ ಒರೆಸಿಕೊಳ್ಳಲು ಆಗುತ್ತಿಲ್ಲ ಅಂದರೆ ಅದೇ ಎಚ್ಚರಿಕೆ, ಆಗಲೇ ಓರೆಯಾಗಿ ಅಂಚಿಗೆ ಸರಿಯಿರಿ. ಸಿಕ್ಕಿಬಿದ್ದರೆ ಎರಡೂ ಮುಂಗೈಗಳನ್ನು ಎದೆಯ ಮುಂದೆ ಅಡ್ಡ ಹಿಡಿದು ಉಸಿರಿಗೆ ಜಾಗ ಉಳಿಸಿಕೊಳ್ಳಿ. ನೂಕಿನ ಎದುರು ಬಲ ಹಾಕಬೇಡಿ, ಅದರ ಜೊತೆ ಹೋಗಿ ಸ್ವಲ್ಪ ಸಡಿಲವಾದಾಗ ಒಂದೊಂದೇ ಹೆಜ್ಜೆ ಓರೆಗೆ ಸರಿಯಿರಿ. ಕೆಳಗೆ ಬಿದ್ದದ್ದನ್ನು ಎತ್ತಲು ಬಗ್ಗಲೇಬೇಡಿ, ಅದು ಹತ್ತು ಸಾವಿರದ ಫೋನಾದರೂ ಸರಿ.

ಸಾವಿರಾರು ಜನ ಸೇರಿದ ಕಡೆ ನೆಟ್‌ವರ್ಕ್ ಕೈಕೊಡುತ್ತದೆ. ಟಿಕೆಟಿನ ಚಿತ್ರ ಫೋನಿನಲ್ಲಿ ಉಳಿಸಿಕೊಂಡಿರಿ, ಯುಪಿಐ ನಡೆಯದಿದ್ದರೆ ಇರಲೆಂದು ಐನೂರರ ನೋಟು ಒಂದೆರಡು ಇಟ್ಟುಕೊಳ್ಳಿ. ಒಳಗೆ ಹೋದ ಕೂಡಲೇ ಗೆಳೆಯರೆಲ್ಲ ಸೇರಿ ಒಂದು ಜಾಗ ಗೊತ್ತು ಮಾಡಿಕೊಳ್ಳಿ. ಹುಲಜಂತಿಯಲ್ಲಿ ನಮಗೆ ದೀಪಮಾಲೆ ಕಂಬ ಇದ್ದ ಹಾಗೆ ಅಲ್ಲಿ ನೀರಿನ ಟ್ಯಾಂಕೋ ಮರವೋ ಇರುತ್ತದೆ. ಕಳೆದುಹೋದವರು ಪ್ರತಿ ತಂಡ ಮುಗಿದ ಮೇಲೆ ಅಲ್ಲಿಗೆ ಬರಬೇಕು. ಬಯಲಿನಲ್ಲಿ ರಾತ್ರಿ 10ರ ನಂತರ ಧ್ವನಿವರ್ಧಕಕ್ಕೆ ಕಾನೂನಿನ ತಡೆ ಇರುವುದರಿಂದ ಹಬ್ಬ ಸಾಮಾನ್ಯವಾಗಿ ಅಷ್ಟೊತ್ತಿಗೆ ಮುಗಿಯುತ್ತದೆ, ಕೊನೆಯ ಮೆಟ್ರೋ ಹಿಡಿಯಬಹುದು. ಎಲ್ಲರೂ ಒಮ್ಮೆಗೇ ಹೊರಗೆ ನುಗ್ಗುವ ಆ ಹತ್ತು ನಿಮಿಷ ಬಿಟ್ಟು ಹೊರಡಿ. ಆ ಹೊತ್ತಿನಲ್ಲಿ ತಂಡದವರ ಅಂಗಡಿಗೆ ಹೋಗಿ ಒಂದು ಟೀಶರ್ಟೋ ಸಿಡಿಯೋ ಕೊಳ್ಳಿ. ನಮ್ಮ ದೇಶದ ಮೆಟಲ್ ತಂಡಗಳು ಬಹಳಷ್ಟು ಸಲ ಸ್ವಂತ ದುಡ್ಡು ಹಾಕಿಯೇ ನುಡಿಸುತ್ತವೆ, ನೀವು ಕೊಡುವ ಐನೂರು ರೂಪಾಯಿ ನೇರ ಅವರ ಕೈಗೆ ಹೋಗುತ್ತದೆ.

ಮನೆಯಲ್ಲಿ ಹೇಳಿ ಹೋಗಿ

ಸುಳ್ಳು ಹೇಳಿ ಹೋಗಬೇಡಿ. ಎಲ್ಲಿಗೆ, ಯಾರ ಜೊತೆ, ಯಾವ ಲಾಡ್ಜು, ಯಾವ ಗಾಡಿ ಎಂದು ಒಂದು ಚೀಟಿಯಲ್ಲಿ ಬರೆದು ಮನೆಯಲ್ಲಿಟ್ಟು ಹೋಗಿ. ಮನೆಯ ನಂಬರನ್ನೂ ಕಾಗದದ ಮೇಲೆ ಬರೆದು ಜೇಬಿನಲ್ಲಿಟ್ಟುಕೊಳ್ಳಿ.

ಹೆತ್ತವರ ಹೆದರಿಕೆ ಬಹಳಷ್ಟು ಆ ಕರಿ ಬಣ್ಣದ್ದು. ಕರಿ ಅಂಗಿ, ಅದರ ಮೇಲೆ ತಲೆಬುರುಡೆ, ಬಿಟ್ಟ ಕೂದಲು. ನಮ್ಮವ್ವನಿಗೂ ಅದೇ ಚಿಂತೆ ಇತ್ತು. ಒಂದು ಸಂಜೆ ಅವಳು ದೇವರ ಮುಂದೆ ಗದ್ದುಗೆಗೆ ಕರಿ ಕಂಬಳಿ ಹಾಸುತ್ತಿದ್ದಾಗ ನಾನು ಕೇಳಿದೆ, ನಮ್ಮ ಬೀರಪ್ಪ ಮಾಳಿಂಗರಾಯರ ಕುಲಕ್ಕೆ ಕರಿ ಬಣ್ಣ ಯಾವಾಗಿನಿಂದ ಕೆಟ್ಟದ್ದಾಯಿತು ಅಂತ. ಅವಳು ಮಾತಾಡಲಿಲ್ಲ, ಕಂಬಳಿಯ ಮಡಿಕೆ ಸರಿ ಮಾಡಿದಳು. ಆಮೇಲೆ ನನ್ನ ಕರಿ ಟೀಶರ್ಟನ್ನು ತಾನೇ ಒಗೆದು ಒಣಹಾಕಿದಳು. ಮಕ್ಕಳು ಕೇಳುವ ಹಾಡನ್ನು ಒಮ್ಮೆ ಜೊತೆಗೆ ಕೂತು ಕೇಳಿ ಎಂದು ಹಿರಿಯರಲ್ಲಿ ನನ್ನ ಬಿನ್ನಹ. ದಿಲ್ಲಿಯ ಬ್ಲಡಿವುಡ್ ತಂಡದಿಂದ ಶುರುಮಾಡಬಹುದು, 2019ರಲ್ಲಿ ವಾಕೆನ್ ವೇದಿಕೆ ಹತ್ತಿದವರು ಅವರು. ಅವರ ಹಾಡುಗಳಲ್ಲಿ ಗಿಟಾರಿನ ಜೊತೆ ಢೋಲು ನುಡಿಯುತ್ತದೆ.

ವಾಕೆನ್ ಅಂದೆನಲ್ಲ, ಅದೂ ಒಂದು ಹಳ್ಳಿ. ಉತ್ತರ ಜರ್ಮನಿಯಲ್ಲಿ ದನ ಸಾಕಿಕೊಂಡಿರುವ, ಸುಮಾರು ಎರಡು ಸಾವಿರ ಜನರ ಊರು. 1990ರಲ್ಲಿ ಅಲ್ಲಿ ಶುರುವಾದ ಹಬ್ಬಕ್ಕೆ ಈಗ ಎಂಬತ್ತು ಸಾವಿರದಷ್ಟು ಜನ ಸೇರುತ್ತಾರೆ. ಊರಿನ ಅಗ್ನಿಶಾಮಕ ದಳದವರ ವಾದ್ಯಮೇಳ ನುಡಿಸಿದ ಮೇಲೆಯೇ ಹಬ್ಬಕ್ಕೆ ಕಳೆ ಏರುವುದು. ರೈತರು ಹೊಲಗಳನ್ನು ಡೇರೆ ಹಾಕಲು ಬಿಟ್ಟುಕೊಡುತ್ತಾರೆ, ಮುದುಕಿಯರು ಅಂಗಳದಲ್ಲಿ ಕುರ್ಚಿ ಹಾಕಿ ಕೂತು ಬರುವವರಿಗೆ ಕೈ ಬೀಸುತ್ತಾರೆ. ಜರ್ಮನಿಯಲ್ಲಿ ಓದುತ್ತಿರುವ, ದುಡಿಯುತ್ತಿರುವ ನಮ್ಮ ಮಕ್ಕಳು ಹ್ಯಾಂಬರ್ಗಿನಿಂದ ಇಟ್ಜೆಹೋವರೆಗೆ ರೈಲಿನಲ್ಲಿ ಹೋಗಿ ಅಲ್ಲಿಂದ ಹಬ್ಬದ ಬಸ್ಸು ಹಿಡಿಯಬಹುದು. ಮೊಣಕಾಲುದ್ದದ ರಬ್ಬರ್ ಬೂಟು ಮರೆಯಬಾರದು. 2023ರ ಆಗಸ್ಟಿನಲ್ಲಿ ಮಳೆಗೆ ಹೊಲವೆಲ್ಲ ರಾಡಿಯಾಗಿ, ಟಿಕೆಟ್ ಇದ್ದ ಸಾವಿರಾರು ಜನರನ್ನು ದಾರಿಯಲ್ಲೇ ತಿರುಗಿ ಕಳಿಸಬೇಕಾಯಿತು.

ಅಲ್ಲಿಂದ ಇಲ್ಲಿಗೆ

ಬೆಂಗಳೂರಿನ ಪಿಟ್‌ನಲ್ಲಿ ನನ್ನ ಕನ್ನಡಕ ಎತ್ತಿ ಹಿಡಿದಿದ್ದ ಹುಡುಗ ಎರಡು ವರ್ಷದ ಮೇಲೆ ದೀಪಾವಳಿಗೆ ಹುಲಜಂತಿಗೆ ಬಂದ. ನೀವೂ ಹಬ್ಬದಲ್ಲಿ ಗೆಳೆಯರಾದವರನ್ನು ಕರೆಯಿರಿ, ಬರುವವರಿಗೆ ಇಷ್ಟು ಹೇಳಿರಿ. ಸೋಲಾಪುರ ಇಲ್ಲವೇ ಪಂಢರಪುರದಲ್ಲಿ ಇಳಿದು ಮಂಗಳವೇಢೆಗೆ ಬರಬೇಕು, ಅಲ್ಲಿಂದ ಜಾತ್ರೆಯ ಬಸ್ಸು, ಜೀಪು ಸಿಗುತ್ತವೆ. ಅಮಾವಾಸ್ಯೆಯ ರಾತ್ರಿಯೇ ಬಂದು ಸೇರಬೇಕು, ಯಾಕೆಂದರೆ ಅಂದು ನಡುರಾತ್ರಿ ಮಾಳಿಂಗರಾಯನ ಗುಡಿಯ ಶಿಖರಕ್ಕೆ ಶಿವನೇ ಬಂದು ಮುಂಡಾಸ ಸುತ್ತುತ್ತಾನೆ ಎಂಬುದು ನಮ್ಮವರ ನಂಬಿಕೆ. ಬೆಳಕು ಹರಿದಾಗ ಜನ ಕತ್ತೆತ್ತಿ ಅದು ಯಾವ ದಿಕ್ಕಿಗೆ ವಾಲಿದೆ ನೋಡಿ ಆ ವರ್ಷದ ಮಳೆ ಬೆಳೆ ಲೆಕ್ಕ ಹಾಕುತ್ತಾರೆ. ಲಾಡ್ಜು ಇಲ್ಲ, ನಮ್ಮ ಮನೆಯ ಪಡಸಾಲೆ ಇದೆ. ಊಟಕ್ಕೆ ಮಂಗಳವೇಢೆಯ ಮಾಲದಂಡಿ ಜೋಳದ ರೊಟ್ಟಿ ಇದೆ.

ಕ್ಯಾಮೆರಾ, ಫೋನುಗಳಿಗೆ ಪ್ಲಾಸ್ಟಿಕ್ ಚೀಲ ಬೇಕು, ಭಂಡಾರದ ಪುಡಿ ಸಣ್ಣ ಸಂದಿಯೊಳಗೂ ಹೋಗುತ್ತದೆ. ಮೂಗಿಗೆ ಕಟ್ಟಿಕೊಳ್ಳಲು ಒಂದು ವಸ್ತ್ರ ಇರಲಿ. ಆ ಹುಡುಗ ತನ್ನ ಇಷ್ಟದ ಕರಿ ಟೀಶರ್ಟ್ ಹಾಕಿಕೊಂಡು ಬಂದಿದ್ದ. ಪಲ್ಲಕ್ಕಿಗಳು ಎದುರಾಗುವ ಮುಂಚೆ ಅವ್ವ ಅವನನ್ನು ತಡೆದು, "ಹಳೇದೊಂದ ಅಂಗಿ ಹಾಕ್ಕೋ ತಮ್ಮಾ, ಇದು ಒಗದರ ಹೋಗೂದಿಲ್ಲ" ಅಂದಳು. ಅವನು ಕಿವಿಗೆ ಪ್ಲಗ್ ಹೊಸೆದುಕೊಳ್ಳುತ್ತ, "ಹೋಗೋದು ಬೇಡ ಅಮ್ಮ" ಅಂದ.